ಪ್ರಾಣ ಉಳಿಸಿಕೊಂಡವರು ದ್ರೋಹಿಗಳಲ್ಲ

ಧರ್ಮದ ಕಾರಣಕ್ಕೆ ಹಿಂಸೆ ಅನುಭವಿಸಿದ ಬಹುತೇಕ ಎಲ್ಲ ಸಮುದಾಯಗಳ ನೆನಪಿನಲ್ಲಿ ಒಂದು ಶ್ರೇಣಿ ಬೇರೂರಿದೆ. ಕೊಲ್ಲಲು ಬಂದವನ ಎದುರು ತನ್ನ ನಂಬಿಕೆಯನ್ನು ಬಾಯಿಬಿಟ್ಟು ಸಾರಿ ಸತ್ತವನು ಹುತಾತ್ಮನಾಗಿ ಮೇಲಿನ ಪೀಠದಲ್ಲಿ ಕೂರುತ್ತಾನೆ; ಅದೇ ಕತ್ತಿಯ ಎದುರು ಬಾಯಲ್ಲಿ ಬೇರೆ ಮಾತಾಡಿ, ಒಳಗೆ ತನ್ನ ದೇವರನ್ನು ಉಳಿಸಿಕೊಂಡು ಮನೆಗೆ ಮರಳಿದವನು ದುರ್ಬಲನೆನಿಸಿಕೊಳ್ಳುತ್ತಾನೆ, ಹೆಚ್ಚೆಂದರೆ ಕ್ಷಮೆಗೆ ಅರ್ಹನಾಗುತ್ತಾನೆ, ಗೌರವಕ್ಕೆ ಎಂದೂ ಅಲ್ಲ. ಪ್ರವಚನಗಳಲ್ಲಿ, ಹಬ್ಬದ ಪಂಚಾಂಗಗಳಲ್ಲಿ, ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಈ ತಾರತಮ್ಯ ಎಷ್ಟು ಸಲೀಸಾಗಿ ನೆಲೆಯೂರಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಹುತಾತ್ಮರಿಗೆ ಮಾಡುವ ಅವಮಾನವೆಂದು ಭಾವಿಸಲಾಗುತ್ತದೆ. ಸತ್ತವರಿಗೆ ಸಲ್ಲುವ ಗೌರವದಲ್ಲಿ ಒಂದು ಕಣವನ್ನೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಆ ಗೌರವವನ್ನು ಬದುಕಿ ಉಳಿದವರ ಅವಮಾನದ ಮೇಲೆ ಕಟ್ಟುವುದು ಅನ್ಯಾಯ. ಅದು ಚರಿತ್ರೆಗೆ ವಿರುದ್ಧವಾದದ್ದು, ಆಯಾ ಧರ್ಮಗಳ ಶಾಸ್ತ್ರಕ್ಕೂ ವಿರುದ್ಧವಾದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪೀಡಕನ ಕೈಯಲ್ಲಿರುವ ಅಳತೆಗೋಲನ್ನೇ ತಂದು ಪೀಡಿತನ ಮೇಲೆ ಹಿಡಿಯುವ ಕೆಲಸ.

ಜಪಾನಿನ ಕ್ರೈಸ್ತರ ಚರಿತ್ರೆಯಲ್ಲಿ ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವಿದೆ. 1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಕಾಗೊಶಿಮಾದಲ್ಲಿ ಇಳಿದ ಮೇಲೆ ಕೆಲವೇ ದಶಕಗಳಲ್ಲಿ ಲಕ್ಷಾಂತರ ಜನ ಆ ಧರ್ಮವನ್ನು ಸ್ವೀಕರಿಸಿದರು. 1597ರಲ್ಲಿ ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ತೊಕುಗಾವ ಶೋಗುನರು, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನು ಆಳುತ್ತಿದ್ದ ಸೇನಾಧಿಪತಿಗಳು, ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. ಪ್ರತಿಯೊಂದು ಮನೆಯೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕಾಯಿತು. ಐದೈದು ಮನೆಗಳನ್ನು ಒಂದು ಗುಂಪಾಗಿ ಕಟ್ಟಿ, ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡಲಾಯಿತು. ಅಡಗಿರುವ ಪಾದ್ರಿಯನ್ನು ತೋರಿಸಿಕೊಟ್ಟವರಿಗೆ ಬೆಳ್ಳಿಯ ಬಹುಮಾನವೆಂದು ಬೀದಿಬೀದಿಯಲ್ಲಿ ಹಲಗೆ ನೆಡಲಾಯಿತು. ನಾಗಸಾಕಿಯ ಸುತ್ತಮುತ್ತ ಫುಮಿ-ಎ ಎಂಬ ಪರೀಕ್ಷೆ ಬಂತು: ಏಸು ಅಥವಾ ಮೇರಿಯ ಉಬ್ಬುಚಿತ್ರವಿದ್ದ ಫಲಕವನ್ನು ನೆಲದ ಮೇಲಿಟ್ಟು, ವರ್ಷಕ್ಕೊಮ್ಮೆ ಊರಿನ ಹೆಂಗಸರು, ಮಕ್ಕಳು, ಮುದುಕರೆನ್ನದೆ ಎಲ್ಲರೂ ಅಧಿಕಾರಿಗಳ ಕಣ್ಣೆದುರು ಅದನ್ನು ತುಳಿಯಬೇಕು. ತುಳಿಯದವರಿಗೆ ಚಿತ್ರಹಿಂಸೆ ಮತ್ತು ಸಾವು ಕಾದಿದ್ದವು. 1644ರ ಹೊತ್ತಿಗೆ ನಾಡಿನಲ್ಲಿ ಉಳಿದಿದ್ದ ಕೊನೆಯ ಪಾದ್ರಿಯನ್ನೂ ಕೊಲ್ಲಲಾಗಿತ್ತು.

ಆಮೇಲಿನ ಎರಡು ಶತಮಾನಗಳಿಗೂ ಹೆಚ್ಚು ಕಾಲ ಆ ಧರ್ಮವನ್ನು ಉಳಿಸಿದವರು ಯಾರು? ಫಲಕವನ್ನು ತುಳಿದವರೇ. ಹಗಲು ಬೌದ್ಧರಾಗಿ ನಡೆದು, ಪಾದ್ರಿಯಿಲ್ಲದೆ, ಗ್ರಂಥಗಳಿಲ್ಲದೆ, ಗುಡಿಯಿಲ್ಲದೆ ಅವರು ಒಂದು ಸಂಪೂರ್ಣ ಧಾರ್ಮಿಕ ವ್ಯವಸ್ಥೆಯನ್ನು ಗುಟ್ಟಾಗಿ ಕಟ್ಟಿಕೊಂಡರು. ಹಬ್ಬಹರಿದಿನಗಳ ಲೆಕ್ಕ ಇಡಲು ಒಬ್ಬ, ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಕೊಡಲು ಒಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸಲು ಒಬ್ಬ ಎಂದು ಊರೂರಲ್ಲಿ ಹೊಣೆ ಹಂಚಿಕೊಂಡರು. ಕರುಣೆಯ ಬೋಧಿಸತ್ವೆಯಾದ ಕನ್ನೊನ್ ಪ್ರತಿಮೆಯ ಮುಂದೆ ಕುಳಿತು ಅದರಲ್ಲಿ ಮೇರಿಯನ್ನು ಕಂಡರು. ಅರ್ಥ ಮರೆತುಹೋದ ಲ್ಯಾಟಿನ್ ಮತ್ತು ಪೋರ್ಚುಗೀಸ್ ಪ್ರಾರ್ಥನೆಗಳನ್ನು ತಾಯಿಯ ಬಾಯಿಂದ ಮಗಳ ಕಿವಿಗೆ ದಾಟಿಸಿದರು. ಫಲಕ ತುಳಿದು ಬಂದ ದಿನ ಮನೆಯಲ್ಲಿ ಕೊಂಚಿರಿಸಾನ್ ಎಂಬ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು; ಪಾಪನಿವೇದನೆ ಕೇಳಲು ಪಾದ್ರಿಯೇ ಇಲ್ಲದ ನಾಡಿನಲ್ಲಿ ಮನಃಪೂರ್ವಕವಾದ ಪಶ್ಚಾತ್ತಾಪವೇ ದೇವರನ್ನು ಮುಟ್ಟುತ್ತದೆಂಬ ಬೋಧನೆ ಅದರ ಆಧಾರವಾಗಿತ್ತು. ವರ್ಷವರ್ಷವೂ ತುಳಿದು, ವರ್ಷವರ್ಷವೂ ಅತ್ತು, ಮತ್ತೆ ಮಗುವಿಗೆ ಪ್ರಾರ್ಥನೆ ಕಲಿಸಿದ ಈ ಜನರ ಬದುಕು ಒಂದು ಗಳಿಗೆಯ ಧೈರ್ಯಕ್ಕಿಂತ ಕಡಿಮೆಯದೆಂದು ಯಾವ ತಕ್ಕಡಿಯಲ್ಲಿ ತೂಗಿ ಹೇಳಲಾಗಿದೆ?

1865ರ ಮಾರ್ಚ್ 17ರಂದು, ವಿದೇಶೀಯರ ಬಳಕೆಗೆಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಓಉರ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅವರಲ್ಲಿ ಒಬ್ಬ ಹೆಂಗಸು ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆತಿಜಾನ್ ಅವರ ಬಳಿ ಸರಿದು, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿದಳು. ನಿಷೇಧ ಆಗಲೂ ಜಾರಿಯಲ್ಲಿತ್ತು. ಅವರು ಬಹಿರಂಗವಾಗಿ ಹೊರಬಂದ ಮೇಲೆ ಸರ್ಕಾರ ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ಪ್ರಾಂತಗಳಿಗೆ ಗಡೀಪಾರು ಮಾಡಿತು. 1873ರಲ್ಲಿ ನಿಷೇಧದ ಹಲಗೆಗಳನ್ನು ಕಿತ್ತುಹಾಕುವ ಹೊತ್ತಿಗೆ ಅವರಲ್ಲಿ ಆರು ನೂರಕ್ಕೂ ಹೆಚ್ಚು ಮಂದಿ ಹಸಿವು, ಚಳಿ ಮತ್ತು ಹಿಂಸೆಗೆ ಬಲಿಯಾಗಿದ್ದರು. ತಲೆಮಾರುಗಳಿಂದ ಫಲಕ ತುಳಿದವರ ಮೊಮ್ಮಕ್ಕಳು ಇವರು. ನಂಬಿಕೆಯನ್ನು ಮರೆಮಾಡಿದವನ ಮನೆಯಲ್ಲಿ ದೃಢತೆ ಸಾಯುತ್ತದೆಂದು ಹೇಳುವವರು ಉರಕಾಮಿಯ ಈ ಗಡೀಪಾರಿಗೆ ಏನು ಉತ್ತರ ಕೊಡುತ್ತಾರೆ?

ಆದರೂ ಗೌರವದ ಲೆಕ್ಕ ಬದಲಾಗಲಿಲ್ಲ. ಶಿಲುಬೆಗೇರಿದ 26 ಮಂದಿಗೆ ರೋಮ್ 1862ರಲ್ಲಿ ಸಂತಪದವಿ ನೀಡಿತು. 1867ರಲ್ಲಿ ಜಪಾನಿನ ಇನ್ನೂ 205 ಹುತಾತ್ಮರನ್ನು ಸಂತಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿತು. ಆ ಎರಡು ಘೋಷಣೆಗಳ ನಡುವೆಯೇ ಉರಕಾಮಿಯ ಜನ ಬೆಳಕಿಗೆ ಬಂದದ್ದು. ಎರಡು ಶತಮಾನ ಜ್ಞಾನಸ್ನಾನವನ್ನು ಉಳಿಸಿಕೊಟ್ಟ ಹೆಸರಿಲ್ಲದ ರೈತರು ಮತ್ತು ಮೀನುಗಾರರು ಅಡಗಿ ಬಾಳಿದ್ದಕ್ಕಾಗಿ ಅಂಥ ಯಾವ ಪಟ್ಟಿಗೂ ಸೇರಲಿಲ್ಲ. 2018ರಲ್ಲಿ ಯುನೆಸ್ಕೊ ಅವರ ಹಳ್ಳಿಗಳನ್ನು ವಿಶ್ವ ಪರಂಪರೆಯ ತಾಣಗಳೆಂದು ಗುರುತಿಸಿತು. ಒಂದು ಲೌಕಿಕ ಸಂಸ್ಥೆಗೆ ಕಂಡ ಮೌಲ್ಯ ಧರ್ಮದ ಸಂತರ ಪಟ್ಟಿಗೆ ಇಂದಿಗೂ ಕಾಣದಿರುವುದು ಗಂಭೀರವಾದ ಲೋಪ.

ಫುಮಿ-ಎ ಪರೀಕ್ಷೆಯ ಹಿಂದಿದ್ದ ತರ್ಕವನ್ನು ಇಲ್ಲಿ ಬಿಡಿಸಿ ನೋಡಬೇಕು. ಪಾದದ ಚಲನೆಯೇ ಮನಸ್ಸಿನ ಸತ್ಯ ಎಂಬುದು ಅಧಿಕಾರಿಯ ನಂಬಿಕೆ. ಕಾಲು ಫಲಕದ ಮೇಲೆ ಬಿದ್ದರೆ ಅವನು ಕ್ರೈಸ್ತನಲ್ಲ, ಬೀಳದಿದ್ದರೆ ಕ್ರೈಸ್ತ. ತುಳಿದವನನ್ನು ಧರ್ಮಭ್ರಷ್ಟ ಎಂದು ಕರೆಯುವ ಭಕ್ತನೂ ಇದೇ ತರ್ಕಕ್ಕೆ ಸಹಿ ಹಾಕುತ್ತಾನೆ. ಹೆದರಿಸಿ ಹೊರಡಿಸಿದ ಮಾತಿಗೆ, ನಡುಗುತ್ತ ಇಟ್ಟ ಹೆಜ್ಜೆಗೆ ಪೀಡಕ ಕೊಟ್ಟ ಅರ್ಥವನ್ನೇ ಅವನೂ ಕೊಡುತ್ತಾನೆ. ಪೀಡಕನಿಗೆ ಬೇಕಾದದ್ದು ಕೇವಲ ಒಂದು ಮಾತಲ್ಲ; ಆ ಮಾತಾಡಿದವನು ತನ್ನವರ ನಡುವೆ ಮತ್ತೆ ತಲೆಯೆತ್ತದಂತಾಗಬೇಕು, ಅವನ ಸಮುದಾಯ ಅವನನ್ನು ಹೊರಗೆ ನೂಕಬೇಕು, ಒಳಗೊಳಗೇ ಒಡೆಯಬೇಕು. ಆ ಕೊನೆಯ ಕೆಲಸವನ್ನು ಅವನಿಗಾಗಿ ಮಾಡಿಕೊಡುವವರು ಶುದ್ಧತೆಯ ಹೆಸರಿನಲ್ಲಿ ಮಾತಾಡುವ ಸ್ವಧರ್ಮೀಯರು. ಅಷ್ಟೇ ಅಲ್ಲ, ವಿಚಾರಣೆಯ ಕಟಕಟೆಯಲ್ಲಿ ನಿಲ್ಲಬೇಕಾದವನು ಫಲಕವನ್ನು ನೆಲದ ಮೇಲಿಟ್ಟವನಾಗಿರುವಾಗ, ಶತಮಾನಗಳ ಚರ್ಚೆಯೆಲ್ಲ ಅದರ ಮೇಲೆ ಕಾಲಿಟ್ಟವನ ಸುತ್ತಲೇ ನಡೆದಿದೆ. ಅಪರಾಧಿ ಈ ಚರ್ಚೆಯಿಂದ ಸದ್ದಿಲ್ಲದೆ ಜಾರಿಹೋಗಿದ್ದಾನೆ.

ಇದು ಹೊಸ ರೋಗವೇನೂ ಅಲ್ಲ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೇಸಿಯಸ್, ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ, ಕ್ರೈಸ್ತರಲ್ಲಿ ಕೆಲವರು ನಿರಾಕರಿಸಿ ಸತ್ತರು, ಹಲವರು ಬಲಿ ಅರ್ಪಿಸಿದರು, ಕೆಲವರು ಧೂಪ ಮಾತ್ರ ಹಾಕಿದರು, ಇನ್ನೂ ಕೆಲವರು ಬಲಿ ಕೊಡದೆಯೇ ಹಣ ತೆತ್ತು ಪತ್ರ ಪಡೆದರು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ಹಾಳೆಗಳ ರೂಪದಲ್ಲಿ ಸಿಕ್ಕಿವೆ. ಹಿಂಸೆ ತಗ್ಗಿದ ಮೇಲೆ, ಹೀಗೆ ಆಜ್ಞೆಗೆ ಮಣಿದು ‘ಬಿದ್ದವರನ್ನು’ ಮರಳಿ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದ್ದಾಗ, ರೋಮಿನ ಪಾದ್ರಿ ನೊವೇಶಿಯನ್ ಬಾಗಿಲು ಮುಚ್ಚಬೇಕೆಂದು ಹಟ ಹಿಡಿದು ಬೇರೊಂದು ಪಂಗಡವನ್ನೇ ಕಟ್ಟಿದರು. ಆದರೆ ಸೆರೆಮನೆಯಲ್ಲಿ ನಿಜವಾಗಿ ನರಳಿದವರು ಮಾಡಿದ್ದೇನು? ಧರ್ಮವನ್ನು ಬಿಡದೆ ಚಿತ್ರಹಿಂಸೆ ಸಹಿಸಿದ ಕಾರ್ತೇಜಿನ ಬಂದಿಗಳು, ಬಿದ್ದವರನ್ನು ಮರಳಿ ಸೇರಿಸಿಕೊಳ್ಳುವಂತೆ ಶಿಫಾರಸು ಪತ್ರಗಳನ್ನು ಬರೆದು ಕೊಟ್ಟರು. ಅವರು ಅವನ್ನು ಎಷ್ಟು ಉದಾರವಾಗಿ ಹಂಚಿದರೆಂದರೆ, ಬಿಷಪ್ ಸಿಪ್ರಿಯನ್ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಮೈಮೇಲೆ ಗಾಯವಿದ್ದವರು ಕ್ಷಮಿಸಿದರು, ಶುದ್ಧತೆಯ ಸಿದ್ಧಾಂತ ಕಟ್ಟಿದವರು ಕ್ಷಮಿಸಲಿಲ್ಲ. ಈ ಸತ್ಯ ಎಷ್ಟು ಪ್ರವಚನಗಳಲ್ಲಿ ಕೇಳಿಬಂದಿದೆ?

ಆ ಸಿಪ್ರಿಯನ್ ಅವರೇ ಆ ವರ್ಷ ಊರು ಬಿಟ್ಟು ಅಡಗಿದ್ದರು. ಕುರುಬ ಹಿಂಡನ್ನು ಬಿಟ್ಟು ಓಡಿದನೆಂಬ ಧ್ವನಿಯ ಆಕ್ಷೇಪ ರೋಮಿನ ಪಾದ್ರಿಗಳಿಂದಲೇ ಬಂತು. ಅಡಗುತಾಣದಿಂದ ಅವರು ಬರೆದ ಪತ್ರಗಳು ದಿಕ್ಕೆಟ್ಟ ಸಭೆಯನ್ನು ಹಿಡಿದು ನಿಲ್ಲಿಸಿದವು. ಎಂಟು ವರ್ಷಗಳ ನಂತರ, 258ರಲ್ಲಿ, ಇನ್ನೊಬ್ಬ ಚಕ್ರವರ್ತಿಯ ಕಾಲದಲ್ಲಿ ಅವರೇ ಕತ್ತಿಗೆ ಕೊರಳೊಡ್ಡಿದರು. ಅಡಗಿದ ಸಿಪ್ರಿಯನ್ ಬೇರೆ, ಸತ್ತ ಸಿಪ್ರಿಯನ್ ಬೇರೆಯೇ? ಒಂದೇ ವಿವೇಕ ಒಂದು ಸಲ ಬದುಕನ್ನು ಆರಿಸಿಕೊಂಡಿತು, ಇನ್ನೊಂದು ಸಲ ಸಾವನ್ನು. ಪಂಚಾಂಗದಲ್ಲಿ ಎರಡನೆಯದರ ದಿನ ಮಾತ್ರ ಉಳಿಯಿತು.

ಕಠಿಣವಾದಿಗಳು ಗೆದ್ದ ಕಡೆ ಏನಾಯಿತೆಂಬುದನ್ನು ನೋಡಲು ಕಾರ್ತೇಜ್ ಇದ್ದ ಅದೇ ಉತ್ತರ ಆಫ್ರಿಕ ಸಾಕು. 303ರಲ್ಲಿ ಡಯೊಕ್ಲೀಶಿಯನ್ ಚಕ್ರವರ್ತಿ ಧರ್ಮಗ್ರಂಥಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿದಾಗ, ಒಪ್ಪಿಸಿದವರನ್ನು ದ್ರೋಹಿಗಳೆಂದು ಕರೆದ ಒಂದು ಗುಂಪು, ಅವರು ನೀಡಿದ ದೀಕ್ಷೆಗಳೆಲ್ಲ ಅಸಿಂಧುವೆಂದು ಸಾರಿತು. ಡೊನಾಟಿಸ್ಟರು ಎಂದು ಹೆಸರಾದ ಈ ಪಂಥದಿಂದಾಗಿ ಆ ಪ್ರಾಂತದ ಊರೂರಿನಲ್ಲಿ ಇಬ್ಬರು ಬಿಷಪ್‌ಗಳು, ಎರಡು ಸಭೆಗಳು ಎದುರಾಬದುರಾಗಿ ನಿಂತವು. ಒಡಕು ಒಂದು ಶತಮಾನಕ್ಕೂ ಮೀರಿ ಎಳೆದಾಡಿತು. ಅವರ ಅಂಚಿನಲ್ಲಿದ್ದ ಕೆಲವರು ಸಾವನ್ನು ತಾವಾಗಿಯೇ ಅರಸಿ ಹೊರಟರೆಂಬುದನ್ನು ಅವರ ವಿರೋಧಿಗಳ ಬರಹಗಳು ದಾಖಲಿಸಿವೆ. ಚಕ್ರವರ್ತಿ ಸತ್ತುಹೋದ, ಆಜ್ಞೆ ರದ್ದಾಯಿತು. ಆದರೆ ಅವನು ಬಯಸಿದ ಒಡಕನ್ನು ಭಕ್ತರೇ ನೂರು ವರ್ಷ ಸಾಕಿದರು.

ಸಾವಿಗೆ ಕಡಿಮೆಯಾದದ್ದೆಲ್ಲ ದ್ರೋಹ ಎಂಬ ಮಾತಿಗೆ ಶಾಸ್ತ್ರದ ಬೆಂಬಲವಿದೆಯೆಂದು ಭಾವಿಸುವವರು ಶಾಸ್ತ್ರವನ್ನು ಅರ್ಧ ಮಾತ್ರ ಓದಿದವರು. ಒಂದು ಊರಿನಲ್ಲಿ ಹಿಂಸೆಯಾದರೆ ಇನ್ನೊಂದು ಊರಿಗೆ ಓಡಿಹೋಗಬೇಕೆಂಬ ಏಸುವಿನ ಆದೇಶ ಮತ್ತಾಯನ ಸುವಾರ್ತೆಯಲ್ಲೇ ಇದೆ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಬೋಧಿಸುತ್ತಿದ್ದ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ತಾನಾಗಿ ಹೋಗಿ ಸಾವಿಗೆ ಒಡ್ಡಿಕೊಳ್ಳುವವನು ಕೊಲ್ಲುವವನ ಪಾಪದಲ್ಲಿ ಪಾಲುದಾರನಾಗುತ್ತಾನೆಂದು ವಾದಿಸಿದರು. ಇಸ್ಲಾಮಿನಲ್ಲಿ ಈ ಪ್ರಶ್ನೆ ಅದರ ಆರಂಭದ ವರ್ಷಗಳಲ್ಲೇ ಎದ್ದಿತ್ತು. ಮೆಕ್ಕಾದಲ್ಲಿ ಯಾಸಿರ್ ಮತ್ತು ಸುಮಯ್ಯಾ ದಂಪತಿಯನ್ನು ಹಿಂಸಿಸಿ ಕೊಲ್ಲಲಾಯಿತು. ಸುಮಯ್ಯಾ ಅವರನ್ನು ಆ ಧರ್ಮದ ಮೊದಲ ಹುತಾತ್ಮೆಯೆಂದು ಪರಂಪರೆ ಗೌರವಿಸುತ್ತದೆ. ಅವರ ಮಗ ಅಮ್ಮಾರ್ ಹಿಂಸೆ ತಾಳಲಾರದೆ ಪೀಡಕರು ಬಯಸಿದ ಮಾತನ್ನು ಆಡಿ ಬಿಡುಗಡೆ ಹೊಂದಿ, ಅಳುತ್ತ ಪ್ರವಾದಿ ಮುಹಮ್ಮದರ ಬಳಿ ಬಂದಾಗ, ಅವರು ಕೇಳಿದ್ದು ಹೃದಯದ ಸ್ಥಿತಿಯನ್ನು. ಅದು ಅಚಲವಾಗಿದೆಯೆಂದು ಅಮ್ಮಾರ್ ಹೇಳಿದಾಗ, ಮತ್ತೆ ಅದೇ ಒತ್ತಾಯ ಬಂದರೆ ಮತ್ತೆ ಹಾಗೆಯೇ ಮಾಡಲು ಹೇಳಿದರೆಂದು ಪರಂಪರೆ ದಾಖಲಿಸಿದೆ. ಬಲವಂತಕ್ಕೆ ಸಿಕ್ಕಿಯೂ ಹೃದಯದಲ್ಲಿ ನಂಬಿಕೆ ಉಳಿಸಿಕೊಂಡವನನ್ನು ಖಂಡನೆಯಿಂದ ಹೊರಗಿಡುವ ಕುರಾನಿನ 16ನೆಯ ಅಧ್ಯಾಯದ 106ನೆಯ ವಚನವನ್ನು ವ್ಯಾಖ್ಯಾನಕಾರರು ಈ ಪ್ರಸಂಗಕ್ಕೆ ಜೋಡಿಸಿದ್ದಾರೆ. ಒಂದೇ ಮನೆಯಲ್ಲಿ ತಾಯಿ ಹುತಾತ್ಮೆ, ಮಗ ಬದುಕಿ ಉಳಿದವನು. ಆ ಮನೆಯನ್ನು ಪ್ರವಾದಿಗಳು ಎರಡಾಗಿ ಸೀಳಲಿಲ್ಲ. ಅನುಯಾಯಿಗಳಿಗೆ ಸೀಳುವ ಅಧಿಕಾರ ಎಲ್ಲಿಂದ ಬಂತು?

ಯೆಹೂದಿ ಪರಂಪರೆಯಲ್ಲಿ ಈ ವಾದ ಇನ್ನೂ ತೀಕ್ಷ್ಣವಾಗಿ ನಡೆಯಿತು. ಉತ್ತರ ಆಫ್ರಿಕ ಮತ್ತು ಸ್ಪೇನನ್ನು ಆಳಿದ ಅಲ್ಮೊಹದ್ ಅರಸರು ಹನ್ನೆರಡನೆಯ ಶತಮಾನದಲ್ಲಿ ಯೆಹೂದಿಗಳಿಂದ ಇಸ್ಲಾಮಿನ ವಿಶ್ವಾಸವಚನವನ್ನು ಬಲವಂತವಾಗಿ ಹೇಳಿಸುತ್ತಿದ್ದಾಗ, ಒಬ್ಬ ವಿದ್ವಾಂಸರು ಒಂದು ತೀರ್ಪು ಕೊಟ್ಟರು: ಆ ಮಾತು ಹೇಳಿದವನು ಯೆಹೂದಿಯೇ ಅಲ್ಲ, ಅವನು ಮನೆಯಲ್ಲಿ ಗುಟ್ಟಾಗಿ ಮಾಡುವ ಪ್ರಾರ್ಥನೆಗೆ ಫಲವಿಲ್ಲ, ಅದೂ ಪಾಪವೇ. ಕೊರ್ಡೊಬಾದಿಂದ ಹೊರಟು 1160ರ ಸುಮಾರಿಗೆ ಫೆಜ್ ನಗರಕ್ಕೆ ಬಂದಿದ್ದ ಮೋಶೆ ಬೆನ್ ಮೈಮೋನ್, ಅಂದರೆ ಜಗತ್ತು ಮೈಮೋನಿಡೀಸ್ ಎಂದು ಬಲ್ಲ ತತ್ತ್ವಜ್ಞಾನಿ, ಬರೆದರೆಂದು ಪರಂಪರೆ ಒಪ್ಪಿರುವ ಒಂದು ಪತ್ರ ಈ ತೀರ್ಪಿನ ಮೇಲೆ ಕೆಂಡ ಕಾರುತ್ತದೆ. ಇಸ್ರಯೇಲಿನ ಜನರನ್ನು ದೂರಿದ್ದಕ್ಕಾಗಿ ದೇವರು ಮಹಾಪ್ರವಾದಿಗಳನ್ನೇ ಗದರಿಸಿದನೆಂಬುದನ್ನು ನೆನಪಿಸಿ, ಪ್ರಾಣಭಯದಲ್ಲಿರುವ ಇಡೀ ಜನಸಮುದಾಯವನ್ನು ಧರ್ಮಭ್ರಷ್ಟರೆಂದು ಕರೆಯುವ ವಿದ್ವಾಂಸನಿಗೆ ಯಾವ ಧೈರ್ಯ ಎಂದು ಅದು ಕೇಳುತ್ತದೆ. ಪೀಡಕರು ಬೇಡುತ್ತಿರುವುದು ಬರಿಯ ಮಾತು, ಅದನ್ನು ನುಡಿದವನು ಮನೆಯಲ್ಲಿ ತನ್ನ ವಿಧಿಗಳನ್ನು ನಡೆಸಲಿ, ಸಾಧ್ಯವಾದೊಡನೆ ಸುರಕ್ಷಿತ ನಾಡಿಗೆ ಹೊರಟುಹೋಗಲಿ ಎಂಬುದು ಅದರ ಸಲಹೆ. ಅಲ್ಲಿ ಸಾಯಲು ಸಿದ್ಧನಾದವನಿಗೆ ಗೌರವವಿದೆ, ಬದುಕಿದವನ ಮೇಲೆ ತಿರಸ್ಕಾರವಿಲ್ಲ. ಗುಟ್ಟಿನ ಪ್ರಾರ್ಥನೆಯೂ ಪಾಪವೆಂದ ಆ ತೀರ್ಪಿನ ಪರಿಣಾಮ ಏನಾಗುತ್ತಿತ್ತು? ಹೇಗೂ ಹೊರಗಿನವರಾದೆವಲ್ಲ ಎಂದುಕೊಂಡು ಜನ ನಿಜವಾಗಿಯೇ ಪ್ರಾರ್ಥನೆ ನಿಲ್ಲಿಸುತ್ತಿದ್ದರು. ಅರಸನ ಕತ್ತಿಗೆ ಸಾಧ್ಯವಾಗದ್ದನ್ನು ಪಂಡಿತನ ಲೇಖನಿ ಸಾಧಿಸಿಬಿಡುತ್ತಿತ್ತು. ಮೈಮೋನಿಡೀಸ್‌ಗಿಂತ ಒಂದು ಶತಮಾನಕ್ಕೂ ಹಿಂದೆ, ರೈನ್ ಪ್ರಾಂತದ ರಬ್ಬಿ ಗೆರ್ಶೋಮ್ ಅವರು, ಬಲವಂತದಿಂದ ಮತಾಂತರಗೊಂಡು ಮರಳಿ ಬಂದವನಿಗೆ ಅವನ ಹಳೆಯ ದಿನಗಳನ್ನು ಎತ್ತಿ ಆಡಿ ನೋಯಿಸುವುದನ್ನೇ ನಿಷೇಧಿಸಿದ್ದರೆಂದು ಪರಂಪರೆ ಹೇಳುತ್ತದೆ.

ಸ್ಪೇನಿನ ಮುಸ್ಲಿಮರ ಕಥೆ ಇದರ ಮರುಕಳಿಕೆ. 1492ರಲ್ಲಿ ಗ್ರನಾಡಾ ಶರಣಾದಾಗ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯದ ವಚನವನ್ನು ಹತ್ತು ವರ್ಷದೊಳಗೆ ಮುರಿದು, ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರಿಗೆ ಮತಾಂತರ ಅಥವಾ ದೇಶಾಂತರ ಎಂಬ ಎರಡೇ ದಾರಿಗಳನ್ನು ಉಳಿಸಲಾಯಿತು. ಫೆಜ್ ನಗರದ ಸುರಕ್ಷಿತ ಪೀಠದಲ್ಲಿದ್ದ ಪ್ರಸಿದ್ಧ ನ್ಯಾಯಶಾಸ್ತ್ರಜ್ಞ ಅಲ್-ವನ್‌ಶರೀಸಿ, ಸೋತ ನಾಡಿನ ಮುಸ್ಲಿಮರು ಕ್ರೈಸ್ತ ಆಳ್ವಿಕೆಯಲ್ಲಿ ಉಳಿಯುವುದೇ ಪಾಪವೆಂದು, ಹೊರಟುಬರಲು ಶಕ್ತಿಯಿರುವವರೆಲ್ಲ ಬರಲೇಬೇಕೆಂದು ಅದಕ್ಕೂ ಮೊದಲೇ ಬರೆದಿದ್ದರು. ಹಡಗಿನ ಹಣವಿಲ್ಲದ ರೈತನಿಗೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಆ ಕಟ್ಟಳೆಯಲ್ಲಿ ಎಷ್ಟು ಸಮಾಧಾನ ಸಿಕ್ಕೀತು? 1504ರಲ್ಲಿ ಓರಾನ್ ಮೂಲದ ಒಬ್ಬ ಮುಫ್ತಿ, ಅಂದರೆ ಧರ್ಮಶಾಸ್ತ್ರದ ಅಭಿಪ್ರಾಯ ನೀಡುವ ವಿದ್ವಾಂಸ, ಬೇರೆಯೇ ಉತ್ತರ ಕಳಿಸಿದರು. ನಮಾಜನ್ನು ಕಣ್ಣರಿಯದ ಸಣ್ಣ ಸನ್ನೆಯಿಂದ ಮಾಡಬಹುದು, ಹಗಲು ತಪ್ಪಿದ್ದನ್ನು ರಾತ್ರಿ ಪೂರೈಸಬಹುದು. ನೀರು ಮುಟ್ಟಲಾಗದಿದ್ದರೆ ಶುದ್ಧಿಗಾಗಿ ಗೋಡೆಗೆ ಕೈ ಸವರಬಹುದು. ಮದ್ಯ ಕುಡಿಯಲೇಬೇಕಾದ ಒತ್ತಾಯ ಬಂದರೆ ಮನಸ್ಸಿನಲ್ಲಿ ಅದನ್ನು ತಿರಸ್ಕರಿಸುತ್ತ ಕುಡಿಯಬಹುದು. ಸ್ಪ್ಯಾನಿಷ್ ಮಾತನ್ನು ಅರಬ್ಬಿ ಲಿಪಿಯಲ್ಲಿ ಬರೆದ ಪ್ರತಿಗಳಲ್ಲಿ ಈ ಪತ್ರ ಕೈಯಿಂದ ಕೈಗೆ ಸಾಗಿತು. ಅಪಾಯದಲ್ಲಿದ್ದ ಒಬ್ಬ ಹೆಂಗಸಿನ ಅಡುಗೆಮನೆಯವರೆಗೂ ಧರ್ಮವನ್ನು ಕೊಂಡೊಯ್ದದ್ದು ಈ ಎರಡನೆಯ ವಿದ್ವಾಂಸರ ಶಾಸ್ತ್ರ. ಮತಾಂತರದ ಆಜ್ಞೆ ಬಂದ ನೂರು ವರ್ಷಗಳ ಮೇಲೆಯೂ, 1609ರಿಂದ 1614ರವರೆಗೆ, ಈ ಜನರನ್ನು ಸ್ಪೇನ್ ಸಾಮೂಹಿಕವಾಗಿ ಹೊರಹಾಕಿತೆಂದರೆ, ಬಲವಂತದ ಮತಾಂತರ ಎಷ್ಟು ವಿಫಲವಾಗಿತ್ತೆಂಬುದು ತಿಳಿಯುತ್ತದೆ.

ನಂಬಿಕೆಯನ್ನು ಮರೆಮಾಡಿದವನ ಮೇಲಿನ ತಿರಸ್ಕಾರಕ್ಕೆ ಇನ್ನೊಂದು ಮುಖವಿದೆ. ಅದು ಹೊರಗಿನವರ ಸಂಶಯ. ಸ್ವಂತ ಜನ ಅವನನ್ನು ಹೇಡಿಯೆಂದರೆ, ಹೊರಗಿನವರು ಕಪಟಿಯೆನ್ನುತ್ತಾರೆ. 1449ರಲ್ಲಿ ಸ್ಪೇನಿನ ಟೊಲೆಡೊ ನಗರ, ಯೆಹೂದಿ ಮೂಲದ ಕ್ರೈಸ್ತರಿಗೆ ನಗರದ ಹುದ್ದೆಗಳನ್ನು ನಿರಾಕರಿಸುವ ಕಟ್ಟಳೆ ತಂದಿತು. ನಂಬಿಕೆಯ ಮೇಲಿನ ಗುಮಾನಿ ಅಲ್ಲಿಂದ ರಕ್ತದ ಮೇಲಿನ ಗುಮಾನಿಯಾಯಿತು. ಅದೇ ಗುಮಾನಿ ಸಮುದ್ರ ದಾಟಿ 1560ರಲ್ಲಿ ಗೋವೆಗೆ ಇನ್‌ಕ್ವಿಸಿಶನ್ ಎಂಬ ಧರ್ಮನ್ಯಾಯಾಲಯವಾಗಿ ಬಂದು, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಭಾರತದ ಗಿಡಮೂಲಿಕೆಗಳ ಮೇಲೆ 1563ರಲ್ಲಿ ಗೋವೆಯಲ್ಲೇ ಮಹತ್ವದ ಗ್ರಂಥ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಇಂಥ ಮತಾಂತರಿತ ಯೆಹೂದಿ ಕುಟುಂಬದವರು. ಅವರು 1568ರಲ್ಲಿ ತೀರಿಕೊಂಡರು; ಮರುವರ್ಷ ಅವರ ತಂಗಿ ಕ್ಯಾಟರೀನಾಳನ್ನು ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸಿದ ಆರೋಪದ ಮೇಲೆ ಗೋವೆಯಲ್ಲಿ ಸುಡಲಾಯಿತು; 1580ರಲ್ಲಿ ಓರ್ತಾ ಅವರ ಎಲುಬುಗಳನ್ನೂ ಗೋರಿಯಿಂದ ಅಗೆದು ಸುಡಲಾಯಿತು. ಇಂದಿಗೂ ಆ ಗುಮಾನಿ ಸತ್ತಿಲ್ಲ. ಶಿಯಾ ಪರಂಪರೆಯಲ್ಲಿ ತಕಿಯ್ಯಾ ಎಂದು ಕರೆಯಲಾಗುವ, ಪ್ರಾಣಾಪಾಯದಲ್ಲಿ ನಂಬಿಕೆಯನ್ನು ಮರೆಮಾಡುವ ಅನುಮತಿಯನ್ನು, ಒಂದು ಇಡೀ ಧರ್ಮದವರು ಸದಾ ಸುಳ್ಳು ಹೇಳುತ್ತಾರೆಂಬುದಕ್ಕೆ ಪುರಾವೆಯೆಂಬಂತೆ ಬಳಸುವವರು ಎಲ್ಲ ನಾಡುಗಳಲ್ಲೂ ಇದ್ದಾರೆ. ಶತಮಾನಗಳ ಕಾಲ ಬಹುಸಂಖ್ಯಾತರ ಆಳ್ವಿಕೆಯಲ್ಲಿ ಕೊಲೆಯ ಭಯ ಹೊತ್ತು ಬಾಳಿದ ಅಲ್ಪಸಂಖ್ಯಾತರ ರಕ್ಷಣೆಯ ನಿಯಮವನ್ನು ಆಕ್ರಮಣದ ತಂತ್ರವೆಂದು ತಿರುಚುವುದು, ಗಾಯಗೊಂಡವನ ಕೈಯ ಕಟ್ಟನ್ನೇ ಅವನು ಬಚ್ಚಿಟ್ಟ ಆಯುಧವೆಂದು ದೂರಿದ ಹಾಗೆ.

ಗೋವೆಯ ಆ ದಶಕಗಳು ಕನ್ನಡ ಕರಾವಳಿಗೆ ಹತ್ತಿರದ ನೆನಪು. ಸಾಷ್ಟಿಯ ದೇವಾಲಯಗಳು ಉರುಳುತ್ತಿದ್ದ 1560ರ ದಶಕದಲ್ಲಿ ಮಂಗೇಶ, ಶಾಂತಾದುರ್ಗೆಯರ ವಿಗ್ರಹಗಳನ್ನು ಹೊತ್ತು ನದಿ ದಾಟಿದವರು, ಪೋರ್ಚುಗೀಸರ ಕೈಗೆಟುಕದ ಫೋಂಡಾ ಪ್ರದೇಶದಲ್ಲಿ ಅವನ್ನು ಮತ್ತೆ ಪ್ರತಿಷ್ಠಾಪಿಸಿದರು. ಕುಟುಂಬಗಳೆಷ್ಟೋ ದಕ್ಷಿಣಕ್ಕೆ ಇಳಿದು ಕನ್ನಡ ನಾಡಿನಲ್ಲಿ ನೆಲೆಸಿದವು. ಮುಂದೆ ಇನ್‌ಕ್ವಿಸಿಶನ್ನಿನ ಅದೇ ನ್ಯಾಯಾಲಯಕ್ಕೆ, ಯುದ್ಧ ಮತ್ತು ಬರಗಳಿಗೆ ಹೆದರಿ ಗೋವೆಯ ಕ್ರೈಸ್ತರೂ ಅದೇ ದಾರಿ ಹಿಡಿದು ಬಂದರು. ಗುಡಿಯ ಬಾಗಿಲಲ್ಲಿ ನಿಂತು ಸಾಯಲಿಲ್ಲವೆಂದು ವಿಗ್ರಹ ಹೊತ್ತವರನ್ನು ಇಂದು ಯಾರಾದರೂ ಹೇಡಿಗಳೆನ್ನುತ್ತಾರೆಯೇ? ಫೋಂಡಾದ ಮಂಗೇಶಿ ಮತ್ತು ಕವಳೆಯ ಗುಡಿಗಳಲ್ಲಿ ಇಂದಿಗೂ ನಡೆಯುತ್ತಿರುವ ಪೂಜೆ ಅವರು ಓಡಿಹೋದದ್ದರ ಫಲ.

ಎಲ್ಲರೂ ಅಡಗಿಬಿಟ್ಟಿದ್ದರೆ ಧರ್ಮವೇ ಉಳಿಯುತ್ತಿರಲಿಲ್ಲ, ಹುತಾತ್ಮರ ರಕ್ತವೇ ಅದನ್ನು ಬೆಳೆಸಿತು ಎಂಬ ಮಾತು ಈ ಶ್ರೇಣಿಯ ಕೊನೆಯ ಕೋಟೆ. ಜಪಾನ್ ಆ ಕೋಟೆಯನ್ನು ಕೆಡವುತ್ತದೆ. ಅಲ್ಲಿ ಎಲ್ಲರೂ ಫಲಕದ ಮುಂದೆ ನಿರಾಕರಿಸಿದ್ದರೆ, 1865ರಲ್ಲಿ ಚರ್ಚಿನ ಬಾಗಿಲು ತಟ್ಟಲು ಒಂದು ಜೀವವೂ ಉಳಿಯುತ್ತಿರಲಿಲ್ಲ. ಹುತಾತ್ಮರ ಹೆಸರುಗಳನ್ನು, ಅವರು ಸತ್ತ ಜಾಗಗಳನ್ನು ತಲೆಮಾರುಗಳ ಕಾಲ ಗುಟ್ಟಾಗಿ ನೆನೆದವರೂ ಅಡಗಿದವರೇ. ಸಾವಿನ ಹಿರಿಮೆಯನ್ನು ಅತಿಯಾಗಿ ಸಾರುವವರು ಮರೆಮಾಚುವ ಇನ್ನೊಂದು ಸಂಗತಿಯೂ ಇದೆ: ಆ ಸಾವಿನ ಬೆಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿ ಇರುವುದಿಲ್ಲ. ಮಡಿಲಲ್ಲಿ ಮಗುವಿರುವ ತಾಯಿಗೆ, ಐದು ಮನೆಗಳ ಪ್ರಾಣವನ್ನು ತನ್ನ ಒಂದು ಮಾತಿಗೆ ಕಟ್ಟಿಕೊಂಡಿರುವ ರೈತನಿಗೆ, ತನ್ನ ಸಾವು ತನ್ನದೊಂದೇ ಆಗಿರುವುದಿಲ್ಲ. ಬೇರೆಯವರ ಪ್ರಾಣವನ್ನು ತನ್ನ ಕೀರ್ತಿಗೆ ಸೇರಿಸಿ ಸುಡಲು ಒಪ್ಪದಿರುವುದು ಯಾವ ಧರ್ಮದಲ್ಲಿ ಪಾಪ?

2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್ ಪ್ರದೇಶದ ಮೇಲೆ ಐಸಿಸ್ ದಾಳಿ ಮಾಡಿ ಯಜಿದಿ ಧರ್ಮದ ಗಂಡಸರನ್ನು ಕೊಂದು, ಹೆಂಗಸರನ್ನು ಗುಲಾಮರನ್ನಾಗಿ ಮಾಡಿ, ಬಲವಂತವಾಗಿ ಮತಾಂತರಿಸಿದಾಗ ಈ ಪ್ರಶ್ನೆ ಮತ್ತೆ ಜೀವಂತವಾಯಿತು. ಮತ ಬದಲಿಸಿದವರಿಗೂ ಹೊರಗಿನವರೊಡನೆ ಸಂಬಂಧ ಬೆಳೆಸಿದವರಿಗೂ ಮರಳಿ ಪ್ರವೇಶವಿಲ್ಲವೆಂಬುದು ಆ ಸಮುದಾಯದ ಹಳೆಯ ಕಟ್ಟಳೆಯಾಗಿತ್ತು. ಅವರ ಧರ್ಮಗುರು ಬಾಬಾ ಶೇಖ್ ಖುರ್ತೊ ಹಾಜಿ ಇಸ್ಮಾಯಿಲ್ ಅವರು, ತಪ್ಪಿಸಿಕೊಂಡು ಬಂದವರ ಧರ್ಮಕ್ಕೆ ಯಾವ ಕಳಂಕವೂ ತಟ್ಟಿಲ್ಲ, ಅವರನ್ನು ಎಲ್ಲರೂ ಆದರದಿಂದ ಬರಮಾಡಿಕೊಳ್ಳಬೇಕೆಂದು ಬಹಿರಂಗವಾಗಿ ಘೋಷಿಸಿದರು. ಲಾಲಿಶ್ ಕ್ಷೇತ್ರದ ಪವಿತ್ರ ಬುಗ್ಗೆಯ ನೀರಿನಿಂದ ಆ ಹೆಂಗಸರನ್ನು ಮರಳಿ ಸ್ವಾಗತಿಸಲಾಯಿತು. ಆದರೆ ಸೆರೆಯಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಆ ಸ್ವಾಗತ ಸಿಗಲಿಲ್ಲ. ತಾಯಂದಿರು ಮಗು ಅಥವಾ ಮನೆ ಎಂಬ ಕ್ರೂರ ಆಯ್ಕೆಗೆ ಸಿಕ್ಕಿದರು. ಇಷ್ಟು ದೊಡ್ಡ ಹೆಜ್ಜೆ ಇಟ್ಟ ಸಮುದಾಯವೂ ಅಲ್ಲಿ ನಿಂತುಹೋದದ್ದು ಶುದ್ಧತೆಯ ಹಳೆಯ ಲೆಕ್ಕದ ಬಲವನ್ನು ತೋರಿಸುತ್ತದೆ.

ಫಲಕ ಇಂದು ಕಾಗದವಾಗಿದೆ. ಪಾಕಿಸ್ತಾನ 1974ರಲ್ಲಿ ಸಂವಿಧಾನ ತಿದ್ದಿ ಅಹ್ಮದಿಯರನ್ನು ಮುಸ್ಲಿಮೇತರರೆಂದು ಸಾರಿತು. 1984ರ ಸುಗ್ರೀವಾಜ್ಞೆ ಅವರು ತಮ್ಮನ್ನು ಮುಸ್ಲಿಮರೆಂದು ಹೇಳಿಕೊಳ್ಳುವುದನ್ನೇ ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವಾಗಿಸಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮುಸ್ಲಿಮ್ ಎಂದು ಬರೆಸಿಕೊಳ್ಳಬೇಕಾದವರು ಅಹ್ಮದಿ ಪಂಥದ ಸ್ಥಾಪಕರು ಸೋಗಿನ ಪ್ರವಾದಿಯೆಂಬ ಹೇಳಿಕೆಗೆ ಸಹಿ ಹಾಕಬೇಕು. ಸಹಿ ಹಾಕಿದ ಅಹ್ಮದಿಯನ್ನು ದೂರುವವರು, ಆ ಸಾಲನ್ನು ಅರ್ಜಿಯಲ್ಲಿ ಅಚ್ಚು ಹಾಕಿಸಿದವರನ್ನು ಎಷ್ಟು ಸಲ ದೂರಿದ್ದಾರೆ? ಇತ್ತ ಯುರೋಪಿನ ಆಶ್ರಯ ಕಚೇರಿಗಳಲ್ಲಿ, ಮರಳಿ ಹೋಗಿ ಧರ್ಮವನ್ನು ಯಾರಿಗೂ ಕಾಣದಂತೆ ಪಾಲಿಸಿದರೆ ಸಾಕಲ್ಲ ಎಂಬ ಕಾರಣ ಕೊಟ್ಟು ಅರ್ಜಿಗಳನ್ನು ತಳ್ಳಿಹಾಕುವ ವಾಡಿಕೆಯಿತ್ತು. ಪಾಕಿಸ್ತಾನದ ಇಬ್ಬರು ಅಹ್ಮದಿಯರ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ, ಹಾಗೆ ಅಡಗಿ ಬಾಳಬೇಕೆಂದು ನಿರೀಕ್ಷಿಸುವಂತಿಲ್ಲವೆಂದು ತೀರ್ಪು ನೀಡಿತು. ಮರೆಮಾಡುವುದು ಅಪಾಯದಲ್ಲಿರುವವನ ಹಕ್ಕು; ಅದನ್ನು ಅವನ ಕರ್ತವ್ಯವಾಗಿಸಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ, ಪಾಪವಾಗಿಸಲು ಯಾವ ಪೀಠಕ್ಕೂ ಅಧಿಕಾರವಿಲ್ಲ.

ಆದ್ದರಿಂದ ಬದಲಾಗಬೇಕಾದ್ದು ಬಹಳಷ್ಟಿದೆ, ಮತ್ತು ಅದು ಈಗಲೇ ಬದಲಾಗಬೇಕು. ಬೆದರಿಕೆಯಲ್ಲಿ ಹೊರಟ ಮಾತು ಧರ್ಮತ್ಯಾಗವಲ್ಲ ಎಂಬುದನ್ನು ಧರ್ಮಪೀಠಗಳು ಗ್ರಂಥಗಳ ಅಡಿಟಿಪ್ಪಣಿಯಲ್ಲಿ ಬಿಡದೆ ಪ್ರವಚನ ವೇದಿಕೆಯಿಂದ ಸಾರಬೇಕು. ಮರಳಿ ಬಂದವರನ್ನು ವಿಚಾರಣೆಗೆ ಒಳಪಡಿಸುವ, ಅವರ ಮಕ್ಕಳನ್ನು ಹೊರಗಿಡುವ ಕಟ್ಟಳೆಗಳನ್ನು ರದ್ದು ಮಾಡಬೇಕು. ಹುತಾತ್ಮರ ದಿನಗಳಿರುವ ಪಂಚಾಂಗಗಳಲ್ಲಿ ಅಡಗಿ ಉಳಿಸಿದವರಿಗೂ ಒಂದು ದಿನ ಸಲ್ಲಬೇಕು. ಮಕ್ಕಳ ಪಾಠಗಳಲ್ಲಿ ಸುಮಯ್ಯಾ ಅವರ ಪಕ್ಕದಲ್ಲೇ ಅಮ್ಮಾರ್, ನಾಗಸಾಕಿಯ 26 ಮಂದಿಯ ಪಕ್ಕದಲ್ಲೇ ಉರಕಾಮಿಯ ರೈತರು ಬರಬೇಕು. ತನಗೆ ಯಾವ ಅಪಾಯವೂ ಇಲ್ಲದ ವೇದಿಕೆಯಿಂದ ಬೇರೆಯವರ ಮಕ್ಕಳನ್ನು ಸಾವಿಗೆ ಕರೆಯುವ ಬೋಧಕನನ್ನು ಕೇಳುಗರು ಅಲ್ಲಿಯೇ ಎದ್ದು ನಿಂತು ಪ್ರಶ್ನಿಸಬೇಕು. ನಂಬಿಕೆಯನ್ನು ಪರೀಕ್ಷಿಸುವ ಪ್ರತಿಯೊಂದು ಅರ್ಜಿ, ಪ್ರತಿಯೊಂದು ಘೋಷಣಾಪತ್ರ, ಪ್ರತಿಯೊಂದು ಕಾನೂನಿನ ಸಾಲು ಅಳಿಯುವವರೆಗೆ, ವಿಚಾರಣೆಯ ಬೆರಳು ಆ ಸಾಲನ್ನು ಬರೆದವರ ಕಡೆಗೇ ತಿರುಗಿರಬೇಕು.